ಡಿಸ್ಕ್ ಹಾಳಾದರೆ ಬೈಗುಳ ರಿಪೇರಿಯವನಿಗೆ

ಕುಂದಾಪುರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟು ಕೂತ ಇಷ್ಟು ವರ್ಷಗಳಲ್ಲಿ ನನಗೆ ಅರ್ಥವಾಗದ್ದು ಒಂದೇ. ಹಾರ್ಡ್ ಡಿಸ್ಕ್ ಹಾಳಾಗುವುದು ಇನ್ಯಾರದೋ ಮನೆಯಲ್ಲಿ, ಬೈಸಿಕೊಳ್ಳುವುದು ಮಾತ್ರ ನಾನು. ವಾರಕ್ಕೊಬ್ಬರಾದರೂ ಬಂದು ನನ್ನ ತಲೆ ಬಿಸಿ ಮಾಡದೆ ಹೋದದ್ದಿಲ್ಲ.

ಬ್ಯಾಡ್

ತೊಂಬತ್ತೆಂಟರ ಸುಮಾರಿಗೆ ಸಾಲಿಗ್ರಾಮದ ಕಡೆಯ ಜೋಯಿಸರೊಬ್ಬರು ರಿಕ್ಷಾದಲ್ಲಿ ಕಂಪ್ಯೂಟರ್ ತಂದರು. ಊರವರ ಜಾತಕವೆಲ್ಲ ಅದರೊಳಗೆ. ಡಿಸ್ಕ್ ಕಟಕಟ ಎನ್ನುತ್ತಿತ್ತು, ಅರ್ಧ ಜಾತಕ ತೆರೆಯುತ್ತಲೇ ಇರಲಿಲ್ಲ.

"ಜೋಯಿಸ್ರೇ, ಡಿಸ್ಕಂಗೆ ಅಲ್ಲಲ್ಲಿ ಜಾಗ ಹಾಳಾಯ್ತ್. ಇದಕ್ಕೆ ಬ್ಯಾಡ್ ಸೆಕ್ಟರ್ ಅಂತ್ರ್."

"ಬ್ಯಾಡ ಅಂದ್ರೆ ತೆಗ್ದ್ ಬಿಸಾಡಿ ಮರಾಯ್ರೆ. ಬೇಕಾದ್ದನ್ನ ಮಾತ್ರ ಇಟ್ಕಣಿ."

ಬೇಡದ್ದಲ್ಲ, ಕೆಟ್ಟದ್ದು, ಅಲ್ಲಿ ಬರೆದದ್ದನ್ನು ಓದಲು ಬರುವುದಿಲ್ಲ ಎಂದು ಅರ್ಧ ಗಂಟೆ ಬಿಡಿಸಿ ಹೇಳಿದೆ. ಅವರು ಕನಿಕರದಿಂದ ನನ್ನ ಮುಖ ನೋಡಿದರು.

"ನಿಮ್ಗ್ ಓದುಕ್ ಬತ್ತಿಲ್ಲೆ ಅಂದ್ರೆ ಅದ್ರದ್ದ್ ಎಂತ ತಪ್ಪ್? ಅಡ್ಡಿಲ್ಲೆ, ಓದಿದವ್ರ್ ಹತ್ರ ಕೊಡ್ತೆ."

ಬಿ

ಬೈಂದೂರಿನ ಒಂದು ಕಚೇರಿಯಲ್ಲಿ ಡಿಸ್ಕ್ ತಪಾಸಣೆಗೆ ಹಾಕಿದೆ. ಪರದೆಯ ತುಂಬ ಸಣ್ಣ ಚೌಕಗಳು. ಎಲ್ಲಿ ಕೆಟ್ಟಿದೆಯೋ ಅಲ್ಲಿ ಬ್ಯಾಡ್ ಎಂಬುದಕ್ಕೆ ಕೆಂಪು 'ಬಿ' ಮೂಡುತ್ತದೆ. ಮುಗಿಯಲು ಎರಡು ಗಂಟೆ ಬೇಕು. "ಯಾರೂ ಮುಟ್ಬೇಡಿ" ಎಂದು ಅಲ್ಲಿಯ ಮೇಡಂಗೆ ಹೇಳಿ ಯಡ್ತರೆಗೆ ಬೇರೆ ಕೆಲಸಕ್ಕೆ ಹೋದೆ.

ವಾಪಸು ಬಂದರೆ ಕಚೇರಿಯವರೆಲ್ಲ ಪರದೆಯ ಎದುರು ನಿಂತು ಸಂಭ್ರಮ ಪಡುತ್ತಿದ್ದಾರೆ.

"ಕಾಣಿ, ಮೊದ್ಲ್ ಎರಡೇ ಇದ್ದಿತ್. ಈಗ ಪೂರಾ ಬಿ!"

"ಅದಕ್ಕೆ ಖುಷಿ ಎಂತಕ್ಕೆ ಮೇಡಂ?"

"ಬಿ ಅಂದ್ರೆ ಬೈಂದೂರ್ ಅಲ್ದಾ? ನಮ್ಮ್ ಮಾಹಿತಿ ಎಲ್ಲಾ ಬಂತಲೆ!"

ನನಗೆ ಸಿಟ್ಟು ನೆತ್ತಿಗೇರಿತು. "ಬಂದದ್ದಲ್ಲ, ಎಲ್ಲಾ ಹೋದ್ದ್!" ಎಂದು ಕೂಗಿದೆ. ಮೇಡಂ ಪಕ್ಕದ ಗುಮಾಸ್ತರ ಕಡೆ ತಿರುಗಿದರು.

"ಈ ಕುಂದಾಪ್ರದವ್ರಿಗೆ ನಮ್ಮನ್ನ್ ಕಂಡ್ರೆ ಯಾವತ್ತೂ ಹೊಟ್ಟೆಕಿಚ್ಚೇ."

ಮೂರು ಕಾಪಿ

ಬ್ರಹ್ಮಾವರದಲ್ಲಿ ಸ್ಟುಡಿಯೋ ಇಟ್ಟ ಗೆಳೆಯನಿಗೆ ಸಾವಿರ ಸಲ ಹೇಳಿದ್ದೆ: ಮದುವೆ ಫೋಟೋ ಮೂರು ಕಾಪಿ ಇಡು. ಒಂದು ದಿನ ಬಿಳಿಚಿಕೊಂಡು ಬಂದ. ಮೀನು ವ್ಯಾಪಾರದ ಹೆಂಗಸೊಬ್ಬರ ಮಗಳ ಮದುವೆಯ ಡಿಸ್ಕ್ ಓದುತ್ತಿಲ್ಲವಂತೆ.

"ಮೂರು ಕಾಪಿ ಇಟ್ಟಿದ್ದ್ಯಾ?"

"ಇಟ್ಟಿದ್ದೆ. ಮೂರೂ ಇದೇ ಡಿಸ್ಕಂಗೆ ಇತ್ತ್."

ಹೊಡೆಯಲು ಕೈ ಎತ್ತಿದ್ದೆ, ತಡೆದುಕೊಂಡೆ. ಎರಡು ದಿನ ಆ ಡಿಸ್ಕಿನ ಜೊತೆ ಗುದ್ದಾಡಿದೆ. ಧಾರೆಯ ಫೋಟೋಗಳಲ್ಲಿ ಮದುಮಗನ ಪೇಟ ಬಂತು, ಅದರ ಕೆಳಗೆ ಬರೀ ಬೂದು ಬಣ್ಣ. ಊಟದ ಹಾಲ್‌ನ ಫೋಟೋಗಳು ಮಾತ್ರ ಸಲೀಸಾಗಿ ಬಂದವು. ಹೇಗೂ ಬಂದವಲ್ಲ ಎಂದು ಅವನ್ನು ತೆರೆದೂ ನೋಡಲಿಲ್ಲ.

ಮರುದಿನ ಮದುಮಗಳ ತಾಯಿಯೇ ಅಂಗಡಿಗೆ ಬಂದರು. ಒಂದೊಂದೇ ಫೋಟೋ ತೋರಿಸಿದೆ. ಅವರ ಸ್ವರ ಏರಿತು.

"ಮಗಳನ್ನ್ ಮದಿ ಆದವ್ನ್ ಮುಖ ಇಲ್ಲೆ, ಉಂಡವ್ರ್ ಮುಖ ಲಾಯ್ಕ್ ಬಂದಿತ್! ನೀವ್ ಎಂತ ಮಾಡದ್?"

ನನಗೂ ತಡೆಯಲಾಗಲಿಲ್ಲ. "ಅಮ್ಮ, ಹಾಳ್ ಮಾಡದ್ ನಾನಲ್ಲ! ನಿಮ್ಮ್ ಮನಿ ಮದಿಗೂ ನಂಗೂ ಎಂತ ಸಂಬಂಧ? ನಾನ್ ಆ ಬದಿಗೇ ಬಂದವ ಅಲ್ಲ!"

ಅವರು ಪರದೆಯ ಹತ್ತಿರ ಬಗ್ಗಿದರು. ಆಮೇಲೆ ನನ್ನನ್ನು ನೋಡಿದರು. ಪುನಃ ಪರದೆ ನೋಡಿದರು. ಒಂದು ದಿನ ಆ ಮದುವೆ ಹಾಲ್‌ನ ಕಂಪ್ಯೂಟರ್ ಸರಿ ಮಾಡಲು ಹೋದವನು ಹಸಿವು ತಡೆಯದೆ ಯಾರದೋ ಮದುವೆಯ ಊಟಕ್ಕೆ ಕೂತದ್ದು ನನಗೆ ನೆನಪಾದದ್ದೇ ಆಗ.

"ಹ್ವಾಯ್," ಎಂದರು ಆಕೆ, ಪರದೆಗೆ ಬೆರಳಿಟ್ಟು, "ಹಂಗಾರೆ ಇಲ್ಲಿ ಎರಡ್ನೇ ಸಲ ಪಾಯಸ ಹಾಕ್ಸ್ಕಂತಾ ಇಪ್ಪುದ್ ಯಾರ್?"