ಶೂನ್ಯಪಾಲನ ಹುಬ್ಬು

ಕ್ಷೌರಿಕನ ಕಣ್ಣು ಟೀವಿಯ ಮೇಲಿತ್ತು, ಕತ್ತಿ ಅಂಚೆ ಗುಮಾಸ್ತರ ಹಣೆಯ ಮೇಲಿತ್ತು. ತಲೆಯಲ್ಲಿ ಅಳಿದುಳಿದಿದ್ದ ನಾಲ್ಕು ಕೂದಲು ಬೋಳಿಸಿಕೊಳ್ಳಲು ಬಂದವರು ಅವರು. ‘ಆಚೆಯ ಆಕಾಶ’ ಧಾರಾವಾಹಿಯಲ್ಲಿ ಅಂತರಿಕ್ಷ ನೌಕೆ ಢಮಾರೆಂದಿತು, ಕ್ಷೌರಿಕ ಬೆಚ್ಚಿದ, ಗುಮಾಸ್ತರ ಎಡ ಹುಬ್ಬು ಮಾಯವಾಯಿತು.

“ಒಂದೇ ಇದ್ರೆ ಚೆನ್ನಾಗಿರಲ್ಲ ಸಾರ್,” ಎಂದು ಅವನು ಬಲಗಡೆಯದನ್ನೂ ತೆಗೆದ.

ಗುಮಾಸ್ತರು ಕನ್ನಡಿ ನೋಡಿಕೊಂಡರು. ತಲೆಯೂ ಬೋಳು, ಹುಬ್ಬೂ ಬೋಳು. ಥೇಟ್ ಶೂನ್ಯಪಾಲ!

ಶೂನ್ಯಪಾಲನೆಂದರೆ ಗ್ರಹಗಳನ್ನು ಗುಳಿಗೆಯಂತೆ ನುಂಗುವ ಖಳನಾಯಕ. ಅಜ್ಜಂದಿರ ಕಾಲದಲ್ಲಿ ಶುರುವಾದ ಆ ಧಾರಾವಾಹಿ ಮೊಮ್ಮಕ್ಕಳ ಕಾಲಕ್ಕೂ ಮುಗಿದಿರಲಿಲ್ಲ. ಅದು ಬರುವ ಹೊತ್ತಿಗೆ ಹಾಲು ಉಕ್ಕಿದರೂ ಒಲೆ ಆರಿಸುವವರಿಲ್ಲ. ಗಂಡಹೆಂಡಿರು ಅರ್ಧ ಜಗಳವನ್ನು ಜಾಹೀರಾತಿನ ಹೊತ್ತಿಗೆಂದು ಎತ್ತಿಡುತ್ತಿದ್ದರು.

ಬಸ್ಸಿನಲ್ಲಿ ಮುದುಕಿಯೊಬ್ಬಳು ಕೊಡೆಯಿಂದ ತಿವಿದಳು. “ನಮ್ಮ ಚಂದ್ರನ್ನ ಯಾಕೋ ನುಂಗ್ದೆ, ಹಾಳಾದವ್ನೇ?”

“ಅಜ್ಜೀ, ನಾನು ಸ್ಟಾಂಪ್ ಮಾರೋನು!”

“ಹೊಟ್ಟೆ ನೋಡಿದ್ರೆ ಹಾಗನ್ಸಲ್ಲ.”

ಅಂಚೆ ಕಚೇರಿಯಲ್ಲಿ ಅವರ ಕಿಟಕಿಯ ಹತ್ತಿರ ನೊಣವೂ ಸುಳಿಯಲಿಲ್ಲ; ಪಕ್ಕದ ಕಿಟಕಿಯ ಸಾಲು ಬೀದಿಗೆ ಬಂತು. ಪೋಸ್ಟ್ ಮಾಸ್ಟರು ಒಳಗೆ ಕರೆದರು, ಬಾಗಿಲನ್ನು ಮಾತ್ರ ತೆರೆದೇ ಇಟ್ಟುಕೊಂಡರು.

“ಶೂನ್ಯಪಾಲ ಸಾಯೋವರ್ಗೂ ರಜೆ ತಗೊಳ್ಳಿ. ಸಂಬಳ ಇರಲ್ಲ.”

“ಅವ್ನು ಯಾವಾಗ ಸಾಯ್ತಾನೆ ಸಾರ್?”

“ನಮ್ಮಪ್ಪಾನೂ ಅದನ್ನೇ ಕೇಳ್ಕೊಂಡು ಹೋಗ್ಬಿಟ್ರು.”

ಜೋಲುಮೋರೆ ಹಾಕಿಕೊಂಡು ಮನೆಗೆ ಬಂದವರನ್ನು ನೋಡಿ ಹೆಂಡತಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಆಮೇಲೆ ಕನಿಕರ ಬಂದು, ತನ್ನ ಕಪ್ಪು ಪೆನ್ಸಿಲ್ಲಿನಿಂದ ಎರಡು ಹುಬ್ಬು ಬರೆದಳು. “ನೋಡಿ, ಈಗ ಮನುಷ್ಯರ ಹಾಗಿದೀರಿ!”

ಗುಮಾಸ್ತರಿಗೆ ಹೋದ ಜೀವ ಬಂತು. ಸಂಜೆ ಹೊಸ ಕಂತು ನೋಡಲು ನೆರೆಹೊರೆಯವರೆಲ್ಲ ಅವರ ಮನೆಯಲ್ಲೇ ಕಿಕ್ಕಿರಿದಾಗ ಅವರು ಕತ್ತೆತ್ತಿಕೊಂಡು ನಟ್ಟನಡುವೆ ಕೂತರು.

“ಇವ್ರನ್ನ ಯಾರ್ರೀ ಶೂನ್ಯಪಾಲ ಅಂದಿದ್ದು? ಹಸುವಿನಂಥ ಮನುಷ್ಯ!” ಎಂದಳು ಎದುರುಮನೆಯಾಕೆ.

ಪರದೆಯ ಮೇಲೆ ಶೂನ್ಯಪಾಲನ ನೌಕೆ ಭೂಮಿಗಿಳಿಯಿತು. ಇನ್ನು ಮೇಲೆ ಅವನು ಯಾರಿಗೂ ಗುರುತು ಸಿಗದಂತೆ ಮನುಷ್ಯರ ನಡುವೆಯೇ ಸಂಸಾರ ಹೂಡಬೇಕಂತೆ. ಕನ್ನಡಿಯ ಮುಂದೆ ಕೂತ. ಕಪ್ಪು ಪೆನ್ಸಿಲ್ ತೆಗೆದ. ನಿಧಾನವಾಗಿ ಎರಡು ಹುಬ್ಬು ಬರೆದುಕೊಂಡ.

ಟೀವಿಯತ್ತ ಇದ್ದ ಕತ್ತುಗಳು ಒಂದೊಂದಾಗಿ ಗುಮಾಸ್ತರತ್ತ ತಿರುಗಿದವು. ಎದುರುಮನೆಯಾಕೆ ಮಗುವನ್ನು ಸೆರಗಿನೊಳಗೆ ಎಳೆದುಕೊಂಡಳು. ಗುಮಾಸ್ತರ ಹಣೆಯಲ್ಲಿ ಬೆವರೊಡೆದು, ಹುಬ್ಬುಗಳೆರಡೂ ಕೆನ್ನೆಗಿಳಿಯತೊಡಗಿದವು.

“ಏನಾದ್ರೂ ಹೇಳೇ!” ಎಂದು ಹೆಂಡತಿಯನ್ನು ಬೇಡಿದರು.

ಅವಳು ಬಾಯಿ ತೆರೆಯುವ ಮೊದಲೇ ಮೂಲೆಯಲ್ಲಿದ್ದ ಅವಳ ತಾಯಿ ನಿಟ್ಟುಸಿರಿಟ್ಟರು.

“ಮದುವೆ ಮಾತಿಗೆ ಬಂದಾಗ, ನಿಮ್ಮೂರು ಎಲ್ಲಿ ಅಂತ ಕೇಳಿದ್ದೆ. ‘ಸ್ವಲ್ಪ ದೂರ’ ಅಂದಿದ್ರು.”