ಕೊಟ್ಟಿಗೆಯ ಬಾಗಿಲಲ್ಲಿ ಸ್ಟೆಗೋಸಾರಸ್

ನಡುವಯಸ್ಸಿನ ಗಂಡಸಿಗೆ ಒಂದು ಹುಚ್ಚು ಇರಬಹುದು, ಆದರೆ ಅದು ಮನೆಯವರ ಕಣ್ಣಿಗೆ ಬೀಳಬಾರದು. ಇಸ್ಪೀಟಿನ ಹುಚ್ಚನ್ನಾದರೂ ನಮ್ಮ ಕಡೆ ಕ್ಷಮಿಸುತ್ತಾರೆ. ನನ್ನದು ಡೈನೋಸಾರ್ ಗೊಂಬೆಗಳ ಹುಚ್ಚು. ಮಕ್ಕಳಾಡುವ ಗೊಂಬೆಯಲ್ಲ ಸ್ವಾಮಿ, ಸಂಗ್ರಹಿಸುವವರಿಗೆಂದೇ ಮಾಡಿದ್ದು. ಇದರಲ್ಲಿ ಮೊದಲ ನಿಯಮವೇ ಡಬ್ಬಿ ಬಿಚ್ಚಬಾರದು ಅನ್ನುವುದು. "ಮದುವೆ ಆಗ್ದೆ ದಿನಾ ಹೆಣ್ಣು ನೋಡಕ್ಕೋಗಿ ಬಂದಂಗೆ" ಎನ್ನುತ್ತಾಳೆ ನನ್ನ ಹೆಂಡತಿ.

ನಮ್ಮದು ಬಂಗಾರಪೇಟೆ ಪಕ್ಕದ ಹಳ್ಳಿ. ನಾನು ರಾಬರ್ಟ್‌ಸನ್‌ಪೇಟೆಯ ಆಫೀಸೊಂದರಲ್ಲಿ ಗುಮಾಸ್ತ. ಮನೆಯನ್ನು ನಿಜವಾಗಿ ನಡೆಸುವುದು ಅಮ್ಮನ ಸೀಮೆಹಸು ಗೌರಿ. ಈಚೆಗೆ ಡೈರಿಯಲ್ಲಿ ಯಾರೋ ಗೌರಿಯ ಹಾಲನ್ನು ಹೊಗಳಿದರಂತೆ, ಮಾರನೆಯ ಬೆಳಿಗ್ಗೆಯಿಂದಲೇ ಹಾಲು ಕರೆಯಲು ಕೂತರೆ ಅದು ಒದೆಯತೊಡಗಿತು.

"ದಿಷ್ಟಿ ತಾಗೈತೆ ಕಣ್ಲಾ. ಪ್ಯಾಟೇಲಿ ದಿಷ್ಟಿ ಗೊಂಬೆ ಸಿಗ್ತೈತೆ, ತಗಂಡ್ ಬಾ" ಎಂದರು ಅಮ್ಮ. ಆಗಲಿ ಎಂದೆ, ತರಲಿಲ್ಲ. ಓದಿದವನು ಬಸ್ಸಿನಲ್ಲಿ ಕೋರೆಹಲ್ಲಿನ ರಾಕ್ಷಸನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬರುವುದೇ ಎಂಬ ಜಂಬ.

ಅದೇ ವಾರ ನಾನು ತರಿಸಿದ್ದ ಸ್ಟೆಗೋಸಾರಸ್ ಕೊರಿಯರ್‌ನಲ್ಲಿ ಮನೆಗೆ ಬಂತು. ಬೆನ್ನುದ್ದಕ್ಕೂ ನೆಟ್ಟಗೆ ನಿಂತ ಫಲಕಗಳು, ಬಾಲದ ತುದಿಗೆ ಮುಳ್ಳುಗಳು. ಸಂಜೆ ನಾನು ಬರುವಷ್ಟರಲ್ಲಿ ಡಬ್ಬಿ ನೀರೊಲೆಯ ಪಾಲಾಗಿತ್ತು. ಪ್ರಾಣಿ ಕೊಟ್ಟಿಗೆಯ ಬಾಗಿಲ ಮೇಲೆ ಹಗ್ಗದಲ್ಲಿ ನೇತಾಡುತ್ತಿತ್ತು. ಕೊರಳಲ್ಲಿ ನಿಂಬೆಹಣ್ಣು, ಮೆಣಸಿನಕಾಯಿ, ಹಣೆಯ ಮೇಲೆ ಕಾಡಿಗೆ. ನನಗೆ ಅಳುವೇ ಬಂತು.

"ಎಂಥಾ ಗೊಂಬೆ ತರಿಸಿದೀಯಲಾ! ನನ್ಗೇ ಎದೆ ನಡುಗ್ತೈತೆ. ಮಾಂಸ ತಿಂತೈತಾ ಇದು?"

"ಇಲ್ಲಮ್ಮ, ಸೊಪ್ಪು ತಿನ್ನೋದು."

"ಅಂಗಾದ್ರೆ ಗೌರಿಗೆ ಭಯ ಇಲ್ಲ ಬುಡು" ಎಂದವರು ನನ್ನ ಹೆಂಡತಿಯತ್ತ ತಿರುಗಿ, "ನೋಡು, ನನ್ ಮಗ ಒಂದ್ ಮಾತು ಏಳಿದ್ಕೆ ಎಲ್ಲಿಂದ್ಲೋ ತರಿಸ್ಬುಟ್ಟ" ಎಂದರು. ಅಮ್ಮನ ಬಾಯಲ್ಲಿ ನನ್ನ ಬಗ್ಗೆ ಇಂಥ ಮಾತು ಅದೇ ಮೊದಲು. ಗೊಂಬೆ ಬೇಕೆಂದರೆ ಹೊಗಳಿಕೆಯನ್ನು ವಾಪಸು ಕೊಡಬೇಕಿತ್ತು. ಹೊಗಳಿಕೆಯನ್ನೇ ಇಟ್ಟುಕೊಂಡೆ. ಸಾಲದ್ದಕ್ಕೆ ಗೌರಿಯೂ ಒದೆಯುವುದನ್ನು ಬಿಟ್ಟಿತು.

ಊರಿಗಾಂನಲ್ಲಿ ನನ್ನಂಥದೇ ಹುಚ್ಚಿನ ಸ್ನೇಹಿತನೊಬ್ಬನಿದ್ದಾನೆ, ಸೆಲ್ವಂ. ಫೋನಿನಲ್ಲಿ ಸಂಗತಿ ಕೇಳಿ ಮರುಗಿದ. ಡಬ್ಬಿ ಇಲ್ಲದಿದ್ದರೂ ಚಿಂತೆಯಿಲ್ಲ, ತೊಳೆದುಕೊಳ್ಳುತ್ತೇನೆ, ಬದಲಿಗೆ ನನ್ನ ಹತ್ತಿರವಿರುವ ಮೂರು ಕೊಂಬಿನ ಡೈನೋಸಾರನ್ನು ಡಬ್ಬಿ ಸಮೇತ ಕೊಡುತ್ತೇನೆ ಎಂದ. ಆ ಮೂರು ಕೊಂಬಿನದರ ಮೇಲೆ ನನಗೆ ಬಹಳ ದಿನಗಳಿಂದ ಆಸೆ. ಅಮ್ಮ ಡೈರಿಗೆ ಹೋಗುವ ಹೊತ್ತು ನೋಡಿ ಭಾನುವಾರ ಬರಹೇಳಿದೆ. ಗೊಂಬೆಯನ್ನು ಕೋತಿ ಕಿತ್ತುಕೊಂಡು ಹೋಯಿತೆಂಬ ಸುಳ್ಳೂ ಸಿದ್ಧವಾಗಿತ್ತು.

ಹೇಳಿದ ಹೊತ್ತಿಗೆ ಸರಿಯಾಗಿ ಬಂದ. ನಾನು ಸ್ಟೂಲು ಹತ್ತಿ ಗಂಟಿಗೆ ಕೈ ಹಾಕಿದೆ. ಸೆಲ್ವಂ ಮೇಲೆ ನೋಡಲೇ ಇಲ್ಲ. ಕೊಟ್ಟಿಗೆಯೊಳಗೆ ಇಣುಕಿ ಬಾಯಿ ಬಿಟ್ಟ.

"ಅಡೇಂಗಪ್ಪಾ! ಏನ್ ಗುರು ಈ ಹಸು! ಇಂಥಾ ಕೆಚ್ಚಲು ನಾನ್ ನೋಡೇ ಇಲ್ಲ!"

"ಲೋ, ಕಣ್ಣು ತೆಗಿಯೋ ಅಲ್ಲಿಂದ!" ಎಂದು ಸ್ಟೂಲಿನ ಮೇಲಿಂದಲೇ ಕೂಗಿದೆ. "ಮೊದ್ಲು ಗೊಂಬೆ ನೋಡು!"

ಅವನು ಬೆಚ್ಚಿ ಗೊಂಬೆ ನೋಡಿದ. "ನೋಡ್ದೆ. ಬಿಚ್ಚು ಮತ್ತೆ" ಎಂದ.

ನಾನು ಇನ್ನೊಂದು ಗಂಟು ಬಿಗಿದು ಕೆಳಗಿಳಿದೆ.