ಅತ್ತೆಯವರ ಹತ್ತು ಗಂಟೆಯ ಕರೆ

ಕಾರ್ಡ್ ಬಾಕಿ ವಸೂಲಿ ವಿಭಾಗದ ಅಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ಊರವರ ಕೈಗಡಿಯಾರಗಳನ್ನು ಸರಿಯಾದ ಸಮಯಕ್ಕೆ ತಂದುಕೊಡುತ್ತಲೇ ತನ್ನ ಕಂತಿನ ತಾರೀಖನ್ನು ಮಾತ್ರ ಐದು ತಿಂಗಳಿಂದ ಮರೆತು ಕುಳಿತಿದ್ದ ರಿಪೇರಿಯವನ ಅನಂತ ನಮಸ್ಕಾರಗಳು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ನಿಜ. ಸೋಫಾದ ಬಗ್ಗೆ ಅವರು ಏನೂ ಹೇಳಿರಲಿಲ್ಲವಾದ್ದರಿಂದ ತಮ್ಮ ಕಾರ್ಡನ್ನು ಉಜ್ಜಿ ಒಂದನ್ನು ತಂದೆ. ಅದು ಬಾಗಿಲಲ್ಲಿ ಹಿಡಿಸದೆ ಮೆಟ್ಟಿಲ ಬಳಿಯೇ ಉಳಿದು, ಮೇಲಿನ ಮನೆಯವರು ಅದರ ಮೇಲೆ ಕುಳಿತು ಚಪ್ಪಲಿ ಹಾಕಿಕೊಳ್ಳುತ್ತಿದ್ದರು.

ಅಸಲು ಸುಮ್ಮನೆ ಬಿದ್ದಿರಬಾರದೆಂದು ಬಡ್ಡಿಯನ್ನೂ, ಬಡ್ಡಿಗೆ ಬೇಸರವಾಗದಿರಲೆಂದು ತಡಪಾವತಿ ದಂಡವನ್ನೂ ಜೊತೆಗಿಟ್ಟ ತಮ್ಮ ಕಾಳಜಿ ದೊಡ್ಡದು. ಆದರೆ ನನ್ನ ಕ್ರೆಡಿಟ್ ಸ್ಕೋರ್ ಇಳಿಸಿದಿರಿ ನೋಡಿ, ಆ ಪೆಟ್ಟು ನನ್ನ ಹೆಂಡತಿಗೆ ಬಿತ್ತು. ಎರಡು ಹೊಲಿಗೆ ಯಂತ್ರಕ್ಕೆಂದು ಅವಳು ಕೇಳಿದ್ದ ಸಾಲ, ಅರ್ಜಿಯಲ್ಲಿ ಜೊತೆಗೆ ನನ್ನ ಹೆಸರೂ ಇದ್ದ ಕಾರಣಕ್ಕೆ ತಿರಸ್ಕೃತವಾಯಿತು. ನನ್ನ ಗುಟ್ಟು ಅವಳಿಗೆ ತಿಳಿದದ್ದು ಸಾಲದ ಗುಮಾಸ್ತನ ಬಾಯಿಂದ. ಅಂದಿನಿಂದ ಅವಳು ಊಟ ಬಡಿಸುತ್ತಾಳೆ, ಮಾತಾಡುವುದಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಗಿದೆ.

ಕಾರ್ಡಿನ ಅರ್ಜಿಯಲ್ಲಿ ಪರಿಚಿತರ ಫೋನ್ ನಂಬರು ಕೇಳಿದ್ದಿರಿ. ನಾನೇ ಎಂದೂ ಕರೆ ಮಾಡದ ನಂಬರಿಗೆ ತಾವೂ ಮಾಡಲಾರಿರೆಂದು ನಂಬಿ ಅತ್ತೆಯವರದನ್ನು ಕೊಟ್ಟೆ. ಮಗಳಿಗೆ ಬುದ್ಧಿ ಹೇಳಿಸಲೆಂದು ಕಳೆದ ವಾರ ಅವರ ಮನೆಗೆ ಹೋದಾಗ ಸರಿಯಾಗಿ ಹತ್ತಕ್ಕೆ ಫೋನ್ ಮೊಳಗಿತು. ಅವರು ಕನ್ನಡಕ ಹಾಕಿಕೊಂಡು, ನೆಟ್ಟಗೆ ಕುಳಿತು, ಕರೆ ಮಾಡಿದ ತಮ್ಮ ಬ್ಯಾಂಕಿನ ಸಿಬ್ಬಂದಿಯನ್ನು ತಿಂಡಿ ಆಯ್ತಾ, ಗಂಟಲು ನೋವು ಹೇಗಿದೆ ಎಂದು ವಿಚಾರಿಸಿದರು. ಅಳಿಯ ಒಳ್ಳೆಯವನೇ, ಸ್ವಲ್ಪ ಮರೆವು ಅಷ್ಟೇ ಎಂದು ಸಮಾಧಾನ ಹೇಳಿದರು. ಐದು ತಿಂಗಳಿಂದ ಇದೇ ನಡೆದಿದೆಯಂತೆ, ಮಗಳಿಗೆ ಒಂದು ಮಾತೂ ಹೇಳಿಲ್ಲವಂತೆ.

ಸೋಫಾವನ್ನು ಮೇಲಿನ ಮನೆಯವರಿಗೇ ಮಾರಿ ಬಾಕಿಯ ಮೊದಲ ಕಂತು ಕಟ್ಟಿದ್ದೇನೆ. ಉಳಿದದ್ದನ್ನೂ ತೀರಿಸುತ್ತೇನೆ. ಹೇಗಿದ್ದರೂ ವಸೂಲಿಯಲ್ಲಿ ಎತ್ತಿದ ಕೈ ತಮ್ಮದು. ನನ್ನ ಹೆಂಡತಿಯ ಮಾತನ್ನೂ ವಸೂಲಿ ಮಾಡಿಕೊಡಬೇಕೆಂದು ಪ್ರಾರ್ಥನೆ. ಸೇವಾಶುಲ್ಕ ಎಷ್ಟಾದರೂ ಸರಿ, ಇದನ್ನು ಮಾತ್ರ ತಾರೀಖಿಗೆ ಮುಂಚೆಯೇ ಕಟ್ಟುತ್ತೇನೆ.

ತಮ್ಮ ವಿಶ್ವಾಸಿ (ತಮಗೆ ನನ್ನ ಮೇಲೆ ಅದು ಉಳಿದಿಲ್ಲವಾದರೂ),
ಗಡಿಯಾರ ರಿಪೇರಿಯವನು

ವಿ.ಸೂ.: ಕಂತು ಸಂದಾಯವಾದ ಕೂಡಲೇ ತಾವು ಕರೆ ನಿಲ್ಲಿಸಿಬಿಟ್ಟಿರಿ. ಮೂರು ದಿನದಿಂದ ಅತ್ತೆಯವರು ಹತ್ತು ಗಂಟೆಗೆ ಫೋನನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದಾರೆಂದು ತಿಳಿದು ಇಂದು ನಾನೇ ಸ್ಪೀಕರ್ ಹಾಕಿ ಕರೆ ಮಾಡಿ, ತಿಂಡಿ ಆಯ್ತಾ ಎಂದು ಕೇಳಿದೆ. ಯಾರು, ಬ್ಯಾಂಕಿನವರಾ ಎಂದರು. ಹನ್ನೆರಡು ದಿನ ತುಟಿ ಬಿಚ್ಚದಿದ್ದ ನನ್ನ ಹೆಂಡತಿ ಅಡುಗೆಮನೆಯಿಂದ ಉತ್ತರ ಕೊಟ್ಟಳು: ಅಲ್ಲಮ್ಮ, ಬಾಕಿ ಇಟ್ಕೊಂಡವ್ರು.